ಅಳತೆಗೆ ಸಿಕ್ಕ ಮಾತುಗಳು

ದಿನವೂ ಆಡುವ ಕೆಲವು ಮಾತುಗಳನ್ನು ಮೊದಲು ನೆನಪು ಮಾಡಿಕೊಳ್ಳೋಣ. “ತಾತನಿಗೆ ಕಾಲಿನಲ್ಲಿ ಬಲವಿಲ್ಲ” ಎನ್ನುತ್ತೇವೆ. “ಜ್ವರ ಬಂದು ಶಕ್ತಿಯೆಲ್ಲ ಉಡುಗಿಹೋಯಿತು” ಎನ್ನುತ್ತೇವೆ. “ಅಷ್ಟು ಭಾರ ಎತ್ತುವ ಸಾಮರ್ಥ್ಯ ಅವನಿಗೆಲ್ಲಿಯದು?” ಎನ್ನುತ್ತೇವೆ. ಈ ಮೂರು ವಾಕ್ಯಗಳಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಪದಗಳನ್ನು ಅದಲು ಬದಲು ಮಾಡಿದರೂ ಕೇಳುವವರಿಗೆ ಏನೂ ತೊಡಕಾಗುವುದಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಗೊತ್ತು, ಅಲ್ಲಿ ಬಲವೂ ಶಕ್ತಿಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ನೆಂಟರು. ಕವಿಗೆ ಇದೊಂದು ದೊಡ್ಡ ಸೌಕರ್ಯ. ಪ್ರಾಸಕ್ಕೆ ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗುತ್ತದೆ.

ಇದೇ ಪದಗಳು ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕಕ್ಕೆ ಕಾಲಿಟ್ಟ ಕೂಡಲೆ ನೆಂಟಸ್ತಿಕೆ ಮುರಿದು ಬೇರೆ ಬೇರೆ ಮನೆ ಹೂಡುತ್ತವೆ. ಅಲ್ಲಿ ಬಲ ಶಕ್ತಿಯಲ್ಲ, ಶಕ್ತಿ ಸಾಮರ್ಥ್ಯವಲ್ಲ, ತೂಕ ರಾಶಿಯಲ್ಲ, ಜವ ವೇಗವಲ್ಲ. ಮನೆಯ ಭಾಷೆಯನ್ನು ಚೆನ್ನಾಗಿ ಬಲ್ಲ ಹುಡುಗನೇ ಇಲ್ಲಿ ಮೊದಲು ಎಡವುತ್ತಾನೆ. ನಾನು ಕನ್ನಡ ಪಾಠ ಹೇಳುವ ಪಂಡಿತ, ವಿಜ್ಞಾನದ ಮೇಷ್ಟರಲ್ಲ. ಆದರೂ ವಿಜ್ಞಾನದ ಪುಸ್ತಕ ಹಿಡಿದುಕೊಂಡು, “ಪಂಡಿತರೇ, ಈ ಶಬ್ದಕ್ಕೆ ಅರ್ಥವೇನು?” ಎಂದು ಮಕ್ಕಳು ಬರುವುದು ನನ್ನ ಬಳಿಗೆ. ರಾಶಿ ಎಂದರೆ ಕಣದಲ್ಲಿ ಹಾಕಿದ ಧಾನ್ಯದ ರಾಶಿಯೇ, ಇಲ್ಲವೆ ಮೇಷ ವೃಷಭಗಳ ರಾಶಿಯೇ ಎಂದು ಕೇಳಿದವರೂ ಉಂಟು. ನಗುವ ಮಾತಲ್ಲ ಅದು. ಅರ್ಥ ತಿಳಿಯದೆ ಸೂತ್ರವನ್ನು ಉರು ಹೊಡೆಯುವ ಹತ್ತು ಮಕ್ಕಳಿಗಿಂತ, ಹಾಗೆ ಕೇಳುವ ಒಂದು ಮಗು ಮೇಲು.

ಕನ್ನಡದಲ್ಲಿ ವಿಜ್ಞಾನ ಓದಿದರೆ ಈ ತೊಂದರೆ, ಇಂಗ್ಲಿಷಿನಲ್ಲಿ ಓದಿದರೆ ಇಲ್ಲ ಎಂದು ಅನೇಕ ತಂದೆ ತಾಯಂದಿರು ತಿಳಿದಿದ್ದಾರೆ. ಅದು ಸರಿಯಲ್ಲ. ಇಂಗ್ಲಿಷರ ಮನೆಮಾತಿನಲ್ಲಿಯೂ ಫೋರ್ಸ್, ಪವರ್, ಎನರ್ಜಿ ಎಂಬ ಮಾತುಗಳು ಹೀಗೆಯೇ ಬೆರೆತುಹೋಗಿವೆ. ಅವರ ಮಕ್ಕಳೂ ನಮ್ಮ ಮಕ್ಕಳಂತೆಯೇ ಅಲ್ಲಿ ಎಡವುತ್ತಾರೆ. ಭಾಷೆ ಬಡವಾದದ್ದರಿಂದ ಬಂದ ತೊಡಕಲ್ಲ ಇದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತವನ್ನು ಪರಿಷ್ಕರಿಸಿ ಅಚ್ಚಿಗೆ ಸಿದ್ಧಗೊಳಿಸಿದ ವಿದ್ವಾಂಸರಲ್ಲಿಯೂ ಅವರ ಹೆಸರಿದೆ. ಪಂಪನ ಕನ್ನಡವನ್ನೂ ನ್ಯೂಟನ್ನನ ಶಾಸ್ತ್ರವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ತೊಡಕನ್ನು ಬಿಡಿಸುವ ದಾರಿ ಯಾವುದು? ಒಂದೇ ಒಂದು ಪ್ರಶ್ನೆ ಸಾಕು. ಭೌತವಿಜ್ಞಾನದ ಯಾವುದೇ ಪದ ಎದುರಾದರೂ, “ಇದನ್ನು ಅಳೆಯುವುದು ಹೇಗೆ, ಯಾವ ಮಾನದಲ್ಲಿ?” ಎಂದು ಕೇಳಬೇಕು. ನಿಘಂಟಿನಲ್ಲಿ ಪದದ ಅರ್ಥ ಇನ್ನೊಂದು ಪದ. ಭೌತವಿಜ್ಞಾನದಲ್ಲಿ ಪದದ ಅರ್ಥ ಅದರ ಅಳತೆ. ಈ ಕೀಲಿಕೈಯನ್ನು ಹಿಡಿದು ಒಂದೊಂದೇ ಬಾಗಿಲನ್ನು ತೆರೆದು ನೋಡೋಣ.

ಅಳತೆ ಎಂದರೆ ಹೋಲಿಕೆ. ಎಲ್ಲರೂ ಒಪ್ಪಿದ ಒಂದು ಮಾನದೊಡನೆ ವಸ್ತುವನ್ನು ಹೋಲಿಸಿ, ಅದರ ಎಷ್ಟು ಪಾಲು ಎಂದು ಹೇಳುವುದು. ಹೂವಾಡಗಿತ್ತಿಯ ಬಳಿ ಎರಡು ಮೊಳ ಮಲ್ಲಿಗೆ ಕೊಳ್ಳುವಾಗ ಮೊಳ ಅವಳದು, ದುಡ್ಡು ನಮ್ಮದು. ಅವಳ ಕೈ ಗಿಡ್ಡವಾದರೆ ನಷ್ಟ ನಮಗೆ. ಹಿಂದೆ ಸೇರಿನ ಕಥೆಯೂ ಇದೇ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಊರಿಗೊಂದು ಲೆಕ್ಕ, ಸಂತೆಗೊಂದು ಲೆಕ್ಕ. ಒಂದು ಊರಿನ ಸೇರನ್ನು ಇನ್ನೊಂದು ಊರಿನವರು ನಂಬುತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ಮಾನ ಇರಬೇಕೆಂದು 1956ರಲ್ಲಿ ಕಾನೂನಾಯಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯೇಪೈಸೆ ಬಂತು. 1958ರ ಅಕ್ಟೋಬರ್ 1ರಿಂದ ಕಿಲೋಗ್ರಾಮು ಹಂತಹಂತವಾಗಿ ಅಂಗಡಿಗಳಿಗೆ ಬಂತು. ಎಂಬತ್ತು ತೊಲದ ಸೇರು ಕಿಲೋಗ್ರಾಮಿಗಿಂತ ತುಸು ಕಡಮೆ, ಸುಮಾರು 933 ಗ್ರಾಂ.

ಆ ಕಿಲೋಗ್ರಾಮಾದರೂ ಯಾರದು? ಪ್ಯಾರಿಸ್ ನಗರದ ಬಳಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ ಒಂದು ಉರುಳೆಯನ್ನು ಗಾಜಿನ ಮುಚ್ಚಳಗಳ ಕೆಳಗೆ ಜೋಪಾನವಾಗಿ ಇಟ್ಟಿದ್ದಾರೆ. 1889ರಿಂದ ಅದೇ ಲೋಕಕ್ಕೆಲ್ಲ ಕಿಲೋಗ್ರಾಮು. ಅದರ ಪ್ರತಿಗಳನ್ನು ದೇಶ ದೇಶಗಳಿಗೆ ಕೊಟ್ಟರು. 57ನೆಯ ಸಂಖ್ಯೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನೂರು ವರ್ಷದಲ್ಲಿ ಒಂದು ವಿಚಿತ್ರ ಕಂಡಿತು. ಮೂಲಕ್ಕೂ ಅದರ ಕೆಲವು ಪ್ರತಿಗಳಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬೆಳೆದಿತ್ತು. ಒಂದು ಗ್ರಾಮನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಐದು ಪಾಲಿನಷ್ಟು. ಮೂಲವೇ ಸವೆದಿತೋ ಪ್ರತಿಗಳು ಹೆಚ್ಚಿದವೋ ಹೇಳುವಂತಿಲ್ಲ, ಏಕೆಂದರೆ ಮೂಲವನ್ನು ತೂಗಿ ನೋಡಲು ಅದಕ್ಕಿಂತ ಮೇಲಾದ ಬಟ್ಟು ಲೋಕದಲ್ಲಿಯೇ ಇರಲಿಲ್ಲ! ಕೊನೆಗೆ 2019ರ ಮೇ 20ರಿಂದ ಆ ಉರುಳೆಯನ್ನು ಕೆಲಸದಿಂದ ಬಿಡಿಸಿ, ಎಲ್ಲಿಯೂ ಎಂದೂ ಬದಲಾಗದ ಪ್ಲಾಂಕನ ಸ್ಥಿರಾಂಕದ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಿದರು. ಮೀಟರನ್ನು 1983ರಲ್ಲಿ ಬೆಳಕಿನ ಓಟಕ್ಕೆ ಕಟ್ಟಿಹಾಕಿದ್ದರು; ಸೆಕೆಂಡನ್ನು 1967ರಲ್ಲಿಯೇ ಸೀಸಿಯಂ ಪರಮಾಣುವಿಗೆ ಒಪ್ಪಿಸಿದ್ದರು. ಉದ್ದಕ್ಕೆ ಮೀಟರು, ರಾಶಿಗೆ ಕಿಲೋಗ್ರಾಮು, ಕಾಲಕ್ಕೆ ಸೆಕೆಂಡು. ಇಂದು ನಾವು ಆಡುವ ಪದಗಳೆಲ್ಲ ಈ ಮೂರರ ಮಕ್ಕಳು ಮೊಮ್ಮಕ್ಕಳು.

ಮೊದಲ ಮಗು ಜವ. ಹೋದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಜವ. ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಸುಮಾರು 140 ಕಿಲೋಮೀಟರು. ಎರಡೂವರೆ ಗಂಟೆಯಲ್ಲಿ ಹೋದರೆ ಸರಾಸರಿ ಜವ ಗಂಟೆಗೆ 56 ಕಿಲೋಮೀಟರು. ನಿಘಂಟಿನಲ್ಲಿ ವೇಗಕ್ಕೂ ಇದೇ ಅರ್ಥ. ಪಠ್ಯಪುಸ್ತಕ ಮಾತ್ರ ವೇಗ ಎಂಬ ಪದಕ್ಕೆ ದಿಕ್ಕನ್ನೂ ಸೇರಿಸಿ ಕೊಟ್ಟಿದೆ. ಎಷ್ಟು ಎನ್ನುವುದು ಜವ. ಎಷ್ಟು ಮತ್ತು ಎತ್ತ ಎನ್ನುವುದು ವೇಗ. ಬೆಳಗ್ಗೆ ಮೈಸೂರಿಗೆ ಹೋಗಿ ಸಂಜೆ ಬೆಂಗಳೂರಿನ ಅದೇ ನಿಲ್ದಾಣಕ್ಕೆ ಬಂದು ಇಳಿದವನ ಸರಾಸರಿ ಜವ ಏನೋ ಒಂದು ಇರುತ್ತದೆ. ಅವನ ಸರಾಸರಿ ವೇಗ ಸೊನ್ನೆ, ಏಕೆಂದರೆ ಹೊರಟ ಜಾಗದಿಂದ ಅವನು ಎತ್ತಲೂ ಸರಿದಿಲ್ಲ.

ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಎಂದು ಹೆಸರು. ಮರದಿಂದ ಬೀಳುವ ತೆಂಗಿನಕಾಯಿಯನ್ನು ನೋಡಿ. ಮೊದಲ ಸೆಕೆಂಡಿನ ಕೊನೆಗೆ ಅದರ ಜವ ಸೆಕೆಂಡಿಗೆ 9.8 ಮೀಟರು, ಎರಡನೆಯ ಸೆಕೆಂಡಿನ ಕೊನೆಗೆ 19.6 ಮೀಟರು. ಇಪ್ಪತ್ತು ಮೀಟರು ಎತ್ತರದ ಮರದಿಂದ ಬಿದ್ದ ಕಾಯಿ ಎರಡೇ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ, ಮುಟ್ಟುವಾಗ ಗಂಟೆಗೆ 70 ಕಿಲೋಮೀಟರು ದಾಟಿದ ಜವದಲ್ಲಿರುತ್ತದೆ. ತೆಂಗಿನ ತೋಟದಲ್ಲಿ ತಲೆಯ ಮೇಲೆ ನಿಗಾ ಇಟ್ಟು ನಡೆಯಬೇಕೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇದನ್ನು ಮೊದಲು ಅಳೆದು ತೋರಿಸಿದವನು ಇಟಲಿಯ ಗೆಲಿಲಿಯೋ. ಬೀಳುವ ವಸ್ತುವನ್ನು ಹಿಡಿದು ಅಳೆಯುವಷ್ಟು ಚುರುಕಾದ ಗಡಿಯಾರ ಅವನ ಕಾಲದಲ್ಲಿರಲಿಲ್ಲ. ಆದುದರಿಂದ ಅವನು ಇಳಿಜಾರು ಹಲಗೆಯ ತೋಡಿನಲ್ಲಿ ಗುಂಡನ್ನು ಉರುಳಿಸಿ ಬೀಳುವಿಕೆಯನ್ನು ನಿಧಾನಗೊಳಿಸಿದ. ಪಾತ್ರೆಯ ಕಿರುಗೊಳವೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದ. ಸಮಸಮನಾದ ಕಾಲಗಳಲ್ಲಿ ಗುಂಡು ಹೋದ ದೂರ ಒಂದು, ಮೂರು, ಐದು, ಏಳು ಎಂದು ಬೆಸಸಂಖ್ಯೆಗಳ ಹಾಗೆ ಏರುತ್ತದೆ ಎಂದು ಕಂಡ. 1638ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇದೆಲ್ಲ ಇದೆ. ನಮ್ಮ ಹಿಂದಿನ ಘಟಿಕಾಪಾತ್ರೆಯೂ ನೀರಿನಿಂದಲೇ ಹೊತ್ತನ್ನು ಅಳೆಯುತ್ತಿತ್ತು.

ಇನ್ನು ಬಲಕ್ಕೆ ಬರೋಣ. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ. ಆದ್ದರಿಂದ ಚಲಿಸುವುದಕ್ಕೆ ಸದಾ ಬಲ ಬೇಕು ಎಂದು ಜನ ಸಾವಿರಾರು ವರ್ಷ ನಂಬಿದ್ದರು. ಕೇರಂ ಹಲಗೆಯ ಮೇಲೆ ಕಾಯಿಯನ್ನು ಹೊಡೆದು ನೋಡಿ. ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಪುಡಿ ಉದುರಿಸಿ ಅಷ್ಟೇ ಮೆಲ್ಲಗೆ ಹೊಡೆಯಿರಿ. ಇನ್ನೂ ದೂರ ಹೋಗುತ್ತದೆ. ನಾವು ಹೊಡೆದ ಹೊಡೆತ ಹೆಚ್ಚಲಿಲ್ಲ, ಘರ್ಷಣೆ ಕಡಮೆಯಾಯಿತು. ಘರ್ಷಣೆ ಪೂರ್ತಿ ಇಲ್ಲದಿದ್ದರೆ ಕಾಯಿ ನೇರವಾಗಿ, ಒಂದೇ ಸಮನೆ, ಅಂಚು ತಾಗುವ ತನಕ ಹೋಗುತ್ತಲೇ ಇರುತ್ತಿತ್ತು. ಚಲಿಸುವುದಕ್ಕೆ ಬಲ ಬೇಡ. ಚಲನೆಯನ್ನು ಬದಲಿಸುವುದಕ್ಕೆ ಬಲ ಬೇಕು. ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಹೇಳಿದ ಮೊದಲನೆಯ ನಿಯಮ ಇಷ್ಟೆ. ಬಸ್ಸಿಗೆ ಥಟ್ಟನೆ ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಅವರನ್ನು ಯಾರೂ ನೂಕಿಲ್ಲ. ಬಸ್ಸು ನಿಂತಿತು, ಅವರ ದೇಹ ಮಾತ್ರ ಮೊದಲಿನ ಹಾಗೆ ಹೊರಟಿತ್ತು. ಇದಕ್ಕೆ ಜಡತ್ವ ಎಂದು ಹೆಸರು.

ನಮ್ಮ ವೈಶೇಷಿಕ ಶಾಸ್ತ್ರಕಾರರೂ ಚಲನೆಯನ್ನು ಕುರಿತು ಆಳವಾಗಿ ಯೋಚಿಸಿದ್ದರು. ವಸ್ತು ಬೀಳುವುದಕ್ಕೆ ಗುರುತ್ವ ಕಾರಣ ಎಂದರು. ಬಿಟ್ಟ ಬಾಣ ಮುಂದೆ ಹೋಗುವುದಕ್ಕೆ ಅದರಲ್ಲಿ ಉಳಿದ ವೇಗವೆಂಬ ಸಂಸ್ಕಾರ ಕಾರಣ ಎಂದರು. ಬಗ್ಗಿಸಿದ ಕೊಂಬೆ ಮತ್ತೆ ನೆಟ್ಟಗಾಗುವುದಕ್ಕೆ ಸ್ಥಿತಿಸ್ಥಾಪಕವೆಂಬ ಇನ್ನೊಂದು ಸಂಸ್ಕಾರವನ್ನು ಹೇಳಿದರು. ಇಂದಿನ ಪಠ್ಯಪುಸ್ತಕದ ಗುರುತ್ವ, ಸ್ಥಿತಿಸ್ಥಾಪಕತ್ವ ಎಂಬ ಮಾತುಗಳು ಆ ಭಂಡಾರದಿಂದಲೇ ಬಂದವು. ಹಾಗೆಂದು ನ್ಯೂಟನ್ ಹೇಳಿದ್ದನ್ನೆಲ್ಲ ಕಣಾದರು ಹೇಳಿಬಿಟ್ಟಿದ್ದರು ಎನ್ನುವುದು ಇಬ್ಬರಿಗೂ ನ್ಯಾಯವಲ್ಲ. ನಮ್ಮವರು ಗುಣಗಳನ್ನು ಹೆಸರಿಸಿದರು, ವಿಂಗಡಿಸಿದರು. ಅವುಗಳಿಗೆ ಸಂಖ್ಯೆಯನ್ನು ಕಟ್ಟಲಿಲ್ಲ. ಹೆಸರಿಗೆ ಸಂಖ್ಯೆ ಸೇರಿದಾಗ ಶಾಸ್ತ್ರ ಇನ್ನೊಂದು ಮೆಟ್ಟಿಲು ಹತ್ತುತ್ತದೆ.

ಬಲಕ್ಕೆ ಸಂಖ್ಯೆ ಕಟ್ಟುವ ಸೂತ್ರ ಒಂದು ಸರಳ ವಾಕ್ಯ. ರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ. ಬರಿಯ ಗಾಡಿಯನ್ನು ಎತ್ತು ಒಮ್ಮೆಲೆ ಎಳೆದುಕೊಂಡು ಓಡುತ್ತದೆ. ಮೂಟೆ ತುಂಬಿದ ಗಾಡಿಗೆ ಅದೇ ಎತ್ತು ಅದೇ ಬಲ ಹಾಕಿದರೂ ಗಾಡಿ ಮೆಲ್ಲಗೆ ಜವ ಪಡೆಯುತ್ತದೆ. ಸೂತ್ರದಲ್ಲಿರುವುದು ಇದೇ ಅನುಭವ. ಒಂದು ಕಿಲೋಗ್ರಾಂ ರಾಶಿಗೆ ಸೆಕೆಂಡಿಗೆ ಸೆಕೆಂಡಿಗೆ ಒಂದು ಮೀಟರಿನ ವೇಗೋತ್ಕರ್ಷ ಕೊಡುವ ಬಲ ಒಂದು ನ್ಯೂಟನ್. ನೂರು ಗ್ರಾಮಿನ ಬಟ್ಟನ್ನು ಅಂಗೈಯಲ್ಲಿಟ್ಟುಕೊಂಡರೆ ಅದು ಕೈಯನ್ನು ಕೆಳಕ್ಕೆ ಒತ್ತುವ ಬಲ ಹೆಚ್ಚು ಕಡಮೆ ಅಷ್ಟು.

ಇಲ್ಲಿಯೇ ರಾಶಿಗೂ ತೂಕಕ್ಕೂ ಇರುವ ಭೇದ ಹೊರಬೀಳುತ್ತದೆ. ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎನ್ನುವುದು ರಾಶಿ. ಅದರ ಮಾನ ಕಿಲೋಗ್ರಾಮು. ಭೂಮಿ ಅದನ್ನು ಎಷ್ಟು ಬಲದಿಂದ ಎಳೆಯುತ್ತದೆ ಎನ್ನುವುದು ತೂಕ; ಅದರ ಮಾನ ನ್ಯೂಟನ್. ಅಂಗಡಿಯ ತಕ್ಕಡಿಯನ್ನೂ ಒಂದು ಸ್ಪ್ರಿಂಗ್ ತ್ರಾಸನ್ನೂ ಚಂದ್ರನ ಮೇಲೆ ಕೊಂಡೊಯ್ದರೆಂದು ಇಟ್ಟುಕೊಳ್ಳಿ. ತಕ್ಕಡಿಯಲ್ಲಿ ಒಂದು ಕಿಲೋ ಅಕ್ಕಿ ಒಂದು ಕಿಲೋ ಬಟ್ಟಿಗೆ ಅಲ್ಲಿಯೂ ಸರಿತೂಗುತ್ತದೆ, ಏಕೆಂದರೆ ಎರಡು ತಟ್ಟೆಗಳ ಎಳೆತವೂ ಸಮವಾಗಿ ತಗ್ಗಿರುತ್ತದೆ. ಸ್ಪ್ರಿಂಗ್ ತ್ರಾಸು ಮಾತ್ರ ಆರರಲ್ಲಿ ಒಂದು ಪಾಲನ್ನಷ್ಟೇ ತೋರಿಸುತ್ತದೆ. ಅಕ್ಕಿಯ ಕಾಳೊಂದೂ ಕಡಮೆಯಾಗಿಲ್ಲ. ಚಂದ್ರನ ಎಳೆತ ಕಡಮೆ. ಭಾರವಾದದ್ದು ಬೇಗ ಬೀಳುತ್ತದೆ, ಹಗುರವಾದದ್ದು ತಡವಾಗಿ ಬೀಳುತ್ತದೆ ಎಂಬ ನಂಬಿಕೆಗೂ ಚಂದ್ರನ ಮೇಲೆಯೇ ತೀರ್ಪಾಯಿತು. 1971ರಲ್ಲಿ ಅಪೊಲೊ 15ರ ಯಾತ್ರಿಕ ಡೇವಿಡ್ ಸ್ಕಾಟ್ ಅಲ್ಲಿ ಒಂದು ಸುತ್ತಿಗೆಯನ್ನೂ ಒಂದು ಗರಿಯನ್ನೂ ಒಟ್ಟಿಗೆ ಕೈಬಿಟ್ಟ. ತಡೆಯುವ ಗಾಳಿಯೇ ಇಲ್ಲದ ಆ ಜಾಗದಲ್ಲಿ ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ನ್ಯೂಟನ್ನನ ಮೂರನೆಯ ನಿಯಮವನ್ನು ನಮ್ಮ ಗಾದೆಯೇ ಹೇಳುತ್ತದೆ, ಒಂದು ಕೈಯಿಂದ ಚಪ್ಪಾಳೆಯಾಗದು ಎಂದು. ಬಲಗಳು ಯಾವಾಗಲೂ ಜೋಡಿ. ಹರಿಗೋಲಿನಿಂದ ದಡಕ್ಕೆ ಹಾರುವವನನ್ನು ಹರಿಗೋಲು ಮುಂದಕ್ಕೆ ತಳ್ಳಿದರೆ, ಅವನು ಅಷ್ಟೇ ಬಲದಿಂದ ಹರಿಗೋಲನ್ನು ಹಿಂದಕ್ಕೆ ತಳ್ಳುತ್ತಾನೆ. “ಎರಡೂ ಸಮವಾದರೆ ಒಂದನ್ನೊಂದು ಕಳೆದುಹಾಕಿ ಯಾವುದೂ ಅಲುಗಬಾರದಲ್ಲ?” ಎಂದು ಬುದ್ಧಿವಂತ ಮಗು ಕೇಳುತ್ತದೆ. ಕಳೆಯಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲೆ ಬೀಳಬೇಕು. ಇಲ್ಲಿ ಒಂದು ಬಲ ಮನುಷ್ಯನ ಮೇಲೆ, ಇನ್ನೊಂದು ಹರಿಗೋಲಿನ ಮೇಲೆ. ರಾಮನ ಸಾಲವನ್ನು ಭೀಮನ ಖಾತೆಯಲ್ಲಿ ಕಳೆಯಲು ಬರುವುದೇ?

ಇನ್ನು ಕೆಲಸ. ನಮ್ಮ ಭಾಷೆಯಲ್ಲಿ ಕಚೇರಿಯಲ್ಲಿ ಕುಳಿತು ಸಹಿ ಹಾಕುವುದೂ ಕೆಲಸ, ಮಗುವನ್ನು ಮಲಗಿಸುವುದೂ ಕೆಲಸ. ಭೌತವಿಜ್ಞಾನದಲ್ಲಿ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದಷ್ಟೇ ಕೆಲಸ. ಅದರ ಮಾನ ಜೂಲ್. ರೈಲು ನಿಲ್ದಾಣದಲ್ಲಿ ಹಮಾಲಿ ತಲೆಯ ಮೇಲೆ ಮೂಟೆ ಹೊತ್ತು ಅರ್ಧ ಗಂಟೆ ನಿಂತರೆ ಮೂಟೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ ಎಂದು ಪುಸ್ತಕ ಹೇಳುತ್ತದೆ. ಮಕ್ಕಳಿಗೆ ಕೋಪವೇ ಬರುತ್ತದೆ. “ಪಾಪ, ಅವನಿಗೆ ಸುಸ್ತಾಗುವುದಿಲ್ಲವೆ? ಕೂಲಿ ಕೊಡಬೇಡವೆ?” ಎನ್ನುತ್ತಾರೆ. ಸುಸ್ತಾಗುತ್ತದೆ, ಕೂಲಿಯನ್ನೂ ಕೊಡಬೇಕು. ಅವನ ಸ್ನಾಯುವಿನ ಎಳೆಗಳು ಕ್ಷಣಕ್ಷಣವೂ ಬಿಗಿದು ಸಡಿಲಿ ಮತ್ತೆ ಬಿಗಿಯುತ್ತವೆ. ಉಂಡ ಅನ್ನದ ಶಕ್ತಿ ಖರ್ಚಾಗಿ ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಆದರೆ ಮೂಟೆಗೆ ಅದರಿಂದ ಏನೂ ಸೇರಲಿಲ್ಲ. ಪುಸ್ತಕ ಲೆಕ್ಕ ಹಾಕುತ್ತಿರುವುದು ಮೂಟೆಗೆ ಸೇರಿದ್ದನ್ನು, ಹಮಾಲಿಯ ಆಯಾಸವನ್ನಲ್ಲ. ಮಗುವಿನ ಮರುಕವನ್ನು ಅಲ್ಲಗಳೆಯದೆ ಈ ಭೇದವನ್ನು ಹೇಳಿದರೆ ಅದು ಮರೆಯುವುದಿಲ್ಲ.

ಅದೇ ಹಮಾಲಿ 50 ಕಿಲೋಗ್ರಾಮಿನ ಅಕ್ಕಿ ಮೂಟೆಯನ್ನು 10 ಮೀಟರು ಎತ್ತರದ ಮಹಡಿಗೆ ಏರಿಸಿದರೆ 4,900 ಜೂಲ್ ಕೆಲಸವಾಯಿತು. ಆ ಕೆಲಸ ಎಲ್ಲಿಗೂ ಹೋಗಲಿಲ್ಲ. ಮೂಟೆಯಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಅಡಗಿ ಕುಳಿತಿದೆ. ಪ್ರಚ್ಛನ್ನ ಎಂದರೆ ಮರೆಯಾಗಿರುವುದು. ಎಷ್ಟು ಸೊಗಸಾದ ಹೆಸರು! ಮೂಟೆ ಕೆಳಗೆ ಬಿದ್ದರೆ ಅದೇ ಶಕ್ತಿ ಚಲನ ಶಕ್ತಿಯಾಗಿ ಹೊರಗೆ ಬರುತ್ತದೆ. ಕೆಲಸ ಮಾಡಬಲ್ಲ ಬಂಡವಾಳವೇ ಶಕ್ತಿ. ಅದರ ಮಾನವೂ ಜೂಲ್. ಆ ಕೆಲಸವನ್ನು ಎಷ್ಟು ಬೇಗ ಮಾಡಿದೆವು ಎನ್ನುವುದು ಸಾಮರ್ಥ್ಯ. ಸೆಕೆಂಡಿಗೆ ಒಂದು ಜೂಲ್ ಆದರೆ ಒಂದು ವ್ಯಾಟ್. ಒಬ್ಬ ಒಂದು ನಿಮಿಷದಲ್ಲಿ ಮೂಟೆ ಏರಿಸಿದ, ಇನ್ನೊಬ್ಬ ಎರಡು ನಿಮಿಷ ತೆಗೆದುಕೊಂಡ. ಇಬ್ಬರ ಕೆಲಸವೂ ಒಂದೇ, ಸಾಮರ್ಥ್ಯ ಮಾತ್ರ ಬೇರೆ. ನೋಡಿ, ಮೊದಲು ಬೆರೆತುಹೋಗಿದ್ದ ಮೂರು ಪದಗಳು ನ್ಯೂಟನ್, ಜೂಲ್, ವ್ಯಾಟ್ ಎಂಬ ಮೂರು ಮಾನಗಳ ಮುಂದೆ ಎಷ್ಟು ಸ್ಪಷ್ಟವಾಗಿ ಬೇರೆಯಾದವು.

ಒಂದು ಸಣ್ಣ ತಕರಾರನ್ನು ಪಂಡಿತನಾಗಿ ಇಲ್ಲಿ ಎತ್ತಬೇಕು. ಪಂಪುಸೆಟ್ಟಿನ ಎಚ್.ಪಿ.ಯನ್ನು ಕನ್ನಡದಲ್ಲಿ ಅಶ್ವಶಕ್ತಿ ಎಂದು ಬಹಳ ಕಾಲದಿಂದ ಬರೆಯುತ್ತ ಬಂದಿದ್ದೇವೆ. ಅದು ಶಕ್ತಿಯಲ್ಲ, ಸಾಮರ್ಥ್ಯ, ಒಂದು ಎಚ್.ಪಿ. ಎಂದರೆ ಸುಮಾರು 746 ವ್ಯಾಟ್. ಅಶ್ವಸಾಮರ್ಥ್ಯ ಎಂದರೆ ಶಾಸ್ತ್ರಕ್ಕೂ ಸರಿ, ಮಗುವಿಗೂ ಗೊಂದಲವಿಲ್ಲ.

ವಿದ್ಯುತ್ತಿನ ಬಿಲ್ಲನ್ನು ಮಕ್ಕಳ ಕೈಯಲ್ಲಿ ಓದಿಸಿ ನೋಡಿ. ಅದರಲ್ಲಿ ಕಿಲೋವ್ಯಾಟ್ ಎಂದು ಇರುವುದು ಸಾಮರ್ಥ್ಯ. ಯೂನಿಟ್ಟು ಎಂದು ಇರುವುದು ಶಕ್ತಿ. ಸಾವಿರ ವ್ಯಾಟಿನ ಒಲೆ ಒಂದು ಗಂಟೆ ಉರಿದರೆ ಒಂದು ಯೂನಿಟ್ಟು, ಅಂದರೆ 36 ಲಕ್ಷ ಜೂಲ್. ನಮ್ಮ ಹಮಾಲಿಯ ಲೆಕ್ಕದಲ್ಲಿ ಹೇಳುವುದಾದರೆ 50 ಕಿಲೋ ಮೂಟೆಯನ್ನು ಆ ಮಹಡಿಗೆ ಸುಮಾರು 735 ಸಲ ಏರಿಸಿದಷ್ಟು! ಯಾರೂ ಇಲ್ಲದ ಕೋಣೆಯಲ್ಲಿ ದೀಪ, ಬೀಸಣಿಗೆಗಳನ್ನು ಹಾಗೆಯೇ ಬಿಟ್ಟು ಬಂದ ಹುಡುಗನಿಗೆ ಗದರುವುದಕ್ಕಿಂತ ಈ ಲೆಕ್ಕವನ್ನು ಹೇಳುವುದು ಲೇಸು.

ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ, ವೇಷ ಬದಲಿಸುತ್ತದೆ. ಮ್ಯಾಂಚೆಸ್ಟರಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ. ಇಳಿಯುವ ತೂಕಗಳಿಂದ ಒಂದು ಕಡೆಗೋಲಿನಂಥ ಚಕ್ರವನ್ನು ನೀರಿನೊಳಗೆ ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತೆಂದು ನೋಡಿದ. ಇಂದಿನ ಲೆಕ್ಕದಲ್ಲಿ ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ಈ ಸಂಖ್ಯೆಯನ್ನು ಹಿಡಿದು ಜೋಗಕ್ಕೆ ಹೋಗೋಣ. ಅಲ್ಲಿ ಶರಾವತಿ 253 ಮೀಟರು ಕೆಳಕ್ಕೆ ಧುಮುಕುತ್ತಾಳೆ. ಒಂದೊಂದು ಕಿಲೋಗ್ರಾಂ ನೀರೂ ಸುಮಾರು 2,480 ಜೂಲ್ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅಷ್ಟೂ ಆ ನೀರಿನಲ್ಲಿಯೇ ಬಿಸಿಯಾಗಿ ಉಳಿದಿದ್ದರೆ ಕೆಳಗಿನ ಮಡುವಿನ ನೀರು ಮೇಲಿನದಕ್ಕಿಂತ 0.6 ಡಿಗ್ರಿಯಷ್ಟು ಬೆಚ್ಚಗಿರಬೇಕು. ಇಷ್ಟು ರಭಸ, ಇಷ್ಟು ಮೊರೆತ, ಕೊನೆಗೆ ಕೈಗೆ ತಿಳಿಯದಷ್ಟು ಬಿಸುಪು! ಆ ಶಕ್ತಿ ಹೀಗೆ ಚದರಿಹೋಗುವ ಮುನ್ನವೇ ಹಿಡಿದು ಚಕ್ರ ತಿರುಗಿಸಿದರೆ ಅದೇ ವಿದ್ಯುತ್ತು. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಹೀಗೆ ಹಿಡಿದ ಶಕ್ತಿಯನ್ನು ತಂತಿಯ ಮೇಲೆ ಸುಮಾರು 147 ಕಿಲೋಮೀಟರು ಸಾಗಿಸಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು. ಕಾವೇರಿಯ ಬೀಳು ಕೋಲಾರದ ಪಾತಾಳದಲ್ಲಿ ಕೆಲಸ ಮಾಡಿತು.

ಚಲನ ಶಕ್ತಿಯ ವಿಷಯದಲ್ಲಿ ಮನೆಮಂದಿಯೆಲ್ಲ ತಿಳಿಯಬೇಕಾದ ಒಂದು ಮಾತಿದೆ. ರಾಶಿ ಎರಡರಷ್ಟಾದರೆ ಚಲನ ಶಕ್ತಿ ಎರಡರಷ್ಟಾಗುತ್ತದೆ. ಜವ ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ. ಬೈಕು ಓಡಿಸುವ ಮಗನಿಗೆ ಇದನ್ನು ಸಂಖ್ಯೆಯಲ್ಲಿ ಹೇಳಬೇಕು. ರಸ್ತೆ ಒಣಗಿದೆ, ಬ್ರೇಕು ಹಾಕಿದ ಮೇಲೆ ಪ್ರತಿ ಸೆಕೆಂಡಿಗೂ ಜವ ಸೆಕೆಂಡಿಗೆ 6 ಮೀಟರಿನಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರಿನಲ್ಲಿದ್ದ ಗಾಡಿ ಸುಮಾರು 10 ಮೀಟರಿನಲ್ಲಿ ನಿಲ್ಲುತ್ತದೆ. 80ರಲ್ಲಿದ್ದರೆ 41 ಮೀಟರು ಬೇಕು. ಅಡ್ಡ ಬಂದದ್ದನ್ನು ಕಂಡು ಬ್ರೇಕು ಒತ್ತುವ ಹೊತ್ತಿಗೆ ಒಂದು ಸೆಕೆಂಡು ಕಳೆದಿರುತ್ತದೆ. ಅದರಲ್ಲಿ ಹೋದ ದೂರವನ್ನೂ ಕೂಡಿದರೆ ಮೊದಲನೆಯವನಿಗೆ 21 ಮೀಟರು, ಎರಡನೆಯವನಿಗೆ 63 ಮೀಟರು. ಮೂವತ್ತು ಮೀಟರು ಮುಂದೆ ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದರೆ, ಒಬ್ಬನಿಗೆ ನಿಲ್ಲಲು ಜಾಗವಿದೆ, ಇನ್ನೊಬ್ಬನಿಗಿಲ್ಲ. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಇಲ್ಲ. ಈ ನಿಯಮಕ್ಕೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಉಪಾಯವಿಲ್ಲ.

ಕೊನೆಯದಾಗಿ ಏಕಮಾನದ ಮಾತು. ಲೆಕ್ಕವೆಲ್ಲ ಸರಿಮಾಡಿ, ಉತ್ತರ 49 ಎಂದು ಬರೆದು, 49 ಏನು ಎಂದು ಬರೆಯದ ಮಗುವಿಗೆ ಪರೀಕ್ಷಕರು ಅಂಕ ಕಳೆದಾಗ ಮನೆಯವರು ನೊಂದುಕೊಳ್ಳುತ್ತಾರೆ. ಲೋಕದಲ್ಲಿ ಇದಕ್ಕೆ ಕಳೆದ ಬೆಲೆ ಇನ್ನೂ ದೊಡ್ಡದು. 1983ರ ಜುಲೈ 23ರಂದು ಕೆನಡಾ ದೇಶದ ಒಂದು ಪ್ರಯಾಣಿಕರ ವಿಮಾನಕ್ಕೆ ಎಣ್ಣೆ ತುಂಬುವಾಗ ಕಿಲೋಗ್ರಾಮಿನ ಜಾಗದಲ್ಲಿ ಪೌಂಡಿನ ಲೆಕ್ಕ ಸೇರಿಕೊಂಡಿತು. ಬೇಕಾದದ್ದರಲ್ಲಿ ಅರ್ಧಕ್ಕೂ ಕಡಮೆ ಎಣ್ಣೆಯಿಂದ ಹೊರಟ ವಿಮಾನದ ಎಂಜಿನುಗಳು ನಡು ಆಕಾಶದಲ್ಲಿ ನಿಂತುಹೋದವು. ಚಾಲಕರು ಅದನ್ನು ಗರುಡನಂತೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿ ಇಳಿಸಿದ್ದರಿಂದ ಎಲ್ಲರ ಜೀವವೂ ಉಳಿಯಿತು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದವರು ಮಂಗಳಗ್ರಹಕ್ಕೆ ಕಳುಹಿಸಿದ ನೌಕೆಯೊಂದು ಗ್ರಹವನ್ನು ಮುಟ್ಟುವಾಗಲೇ ಹಾಳಾಯಿತು. ಒಂದು ತಂಡ ಪೌಂಡಿನ ಬಲದಲ್ಲಿ ಕೊಟ್ಟ ಸಂಖ್ಯೆಗಳನ್ನು ಇನ್ನೊಂದು ತಂಡ ನ್ಯೂಟನ್ ಎಂದು ತಿಳಿದಿತ್ತು. ಎರಡು ತಂಡಗಳಲ್ಲಿಯೂ ಗಣಿತ ಬಲ್ಲವರೇ ಇದ್ದರು. ಸಂಖ್ಯೆಯ ಪಕ್ಕದಲ್ಲಿರಬೇಕಾದ ಒಂದು ಪದ ಕೈತಪ್ಪಿತ್ತು, ಅಷ್ಟೆ.

ಆದುದರಿಂದ ಮಗು ಭೌತವಿಜ್ಞಾನದ ಪುಸ್ತಕ ತೆರೆದು ಕುಳಿತಾಗ ಮನೆಯಲ್ಲಿರುವ ಹಿರಿಯರು, “ನಮಗೆ ವಿಜ್ಞಾನ ಬಾರದಪ್ಪ” ಎಂದು ಎದ್ದುಹೋಗಬೇಕಾಗಿಲ್ಲ. ಅಡಿಗೆಮನೆಯ ತ್ರಾಸು, ಗೋಡೆಯ ಗಡಿಯಾರ, ಹೊಲಿಗೆಯ ಪೆಟ್ಟಿಗೆಯಲ್ಲಿರುವ ಟೇಪು, ಈ ಮೂರಿದ್ದರೆ ಮೂರು ಮೂಲಮಾನಗಳೂ ಮನೆಯಲ್ಲಿವೆ. ಮಹಡಿಯ ಮೆಟ್ಟಿಲು ಎಷ್ಟು ಎತ್ತರ ಎಂದು ಅಳೆಯಲಿ. ಅದನ್ನು ಹತ್ತಲು ಎಷ್ಟು ಸೆಕೆಂಡಾಯಿತೆಂದು ನೋಡಲಿ. ತನ್ನ ಸಾಮರ್ಥ್ಯ ಎಷ್ಟು ವ್ಯಾಟ್ ಎಂದು ತಾನೇ ಲೆಕ್ಕ ಹಾಕಲಿ. ನಲವತ್ತು ಕಿಲೋಗ್ರಾಮಿನ ಹುಡುಗಿ ಮೂರು ಮೀಟರನ್ನು ಆರು ಸೆಕೆಂಡಿನಲ್ಲಿ ಏರಿದರೆ 196 ವ್ಯಾಟ್ ಆಯಿತು. ಲೆಕ್ಕ ಮುಗಿದ ಮೇಲೆ ಹಿರಿಯರು ಕೇಳಬೇಕಾದದ್ದು ಒಂದೇ ಮಾತು: “ಉತ್ತರವೇನೋ ಬಂತು ಮಗೂ, ಅದರ ಮುಂದೆ ಯಾವ ಮಾನ ಬರೆದೆ?”